ಬ್ರಯಾನ್ 2: ನರಕೋಶದ ಗಣಿತ ಕಲಿಸಲು ಚಲೋ ಸಾಧನ, ಡೀಫಾಲ್ಟ್ ಮಾತ್ರ ನಂಬಬೇಡಿ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಎಂ.ಎಸ್ಸಿ. ಮಕ್ಕಳಿಗೆ ನರಕೋಶದ ಪಾಠ ಮಾಡುವವರು, ನರಕೋಶದ ವರ್ತನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಬ್ರಯಾನ್ 2 ತಂತ್ರಾಂಶವನ್ನು ಬಳಸಿ ನೋಡಲೇಬೇಕು. ಪುಕ್ಕಟೆ ಸಿಗುತ್ತದೆ, ಪೈಥಾನ್‌ನಲ್ಲಿ ನಡೆಯುತ್ತದೆ. ಸಿ++ ಕಂಪೈಲರ್ ಇಲ್ಲದಿದ್ದರೂ ಓಡುತ್ತದೆ, ಆದರೆ ನಿಧಾನ. ಲ್ಯಾಬಿನ ಕಂಪ್ಯೂಟರ್ ಹಳೆಯದಾದರೆ ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ಸಾಕು.

ಸಮೀಕರಣವನ್ನು ಪುಸ್ತಕದಲ್ಲಿದ್ದಂತೆಯೇ ಬರೆಯಬಹುದು ಎನ್ನುವುದೇ ಇದರ ದೊಡ್ಡ ಗುಣ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್‌ನ ದೈತ್ಯ ನರತಂತುವಿಗೆ ಕೊಟ್ಟ ಮಾದರಿಯನ್ನೇ ತೆಗೆದುಕೊಳ್ಳಿ. ಚದರ ಸೆಂಟಿಮೀಟರಿಗೆ ಸೋಡಿಯಂ ವಾಹಕತೆ 120, ಪೊಟ್ಯಾಸಿಯಂ 36, ಸೋರಿಕೆ 0.3 ಮಿಲಿಸೀಮೆನ್ಸ್. ಕೋಶದ ವಿಸ್ತೀರ್ಣ ಗುಣಿಸುವುದು ಮರೆತರೆ ಏಕಮಾನ ಹೊಂದುತ್ತಿಲ್ಲವೆಂದು ತಂತ್ರಾಂಶವೇ ತಡೆಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕಿಲ್ಲ.

ಮಾದರಿ ಸರಿಯಾಗಿ ಕೂತಿದೆಯೇ ಎಂದು ಹೀಗೆ ಪರೀಕ್ಷಿಸಿ: ಚದರ ಸೆಂಟಿಮೀಟರಿಗೆ 5 ಮೈಕ್ರೋಆಂಪಿಯರ್ ಸ್ಥಿರ ಪ್ರವಾಹ ಕೊಟ್ಟರೆ ಒಂದೇ ಸ್ಪೈಕ್ (ಕೋಶದ ವಿಭವ ಥಟ್ಟನೆ ಏರಿಳಿಯುವ ನರಸಂಕೇತ) ಬಂದು ಕೋಶ ಸುಮ್ಮನಾಗಬೇಕು, 10 ಕೊಟ್ಟರೆ ಸೆಕೆಂಡಿಗೆ ಸುಮಾರು 70 ಸ್ಪೈಕ್ ಬರುತ್ತಲೇ ಇರಬೇಕು. ಆಮೇಲೆ ತರಗತಿಯಲ್ಲಿ ತೋರಿಸಲೇಬೇಕಾದ ಪ್ರಯೋಗ ಇದು. ಮೈನಸ್ 10 ಮೈಕ್ರೋಆಂಪಿಯರನ್ನು 50 ಮಿಲಿಸೆಕೆಂಡ್ ಕೊಟ್ಟು ಥಟ್ಟನೆ ನಿಲ್ಲಿಸಿ. ಕೋಶವನ್ನು ಅದುಮಿಟ್ಟ ಪ್ರವಾಹ ಹೋದೊಡನೆ ಸ್ಪೈಕ್ ಏಳುತ್ತದೆ! ಕಾರಣ ಗ್ರಾಫಿನಲ್ಲೇ ಇದೆ: ಮಾದರಿಯಲ್ಲಿ ಅಯಾನುಗಳ ಹಾದಿಗೆ ಎಚ್, ಎನ್, ಎಮ್ ಎಂಬ ಗೇಟುಗಳಿವೆ, ಅವುಗಳ ಬೆಲೆ 0ರಿಂದ 1ರೊಳಗೆ; ಸೋಡಿಯಂ ಹಾದಿಯನ್ನು ತೆರೆದಿಡುವ ಎಚ್ 0.6ರಿಂದ 0.9 ದಾಟಿರುತ್ತದೆ, ಪೊಟ್ಯಾಸಿಯಂನ ಎನ್ 0.32ರಿಂದ 0.1ಕ್ಕಿಂತ ಕೆಳಗಿಳಿದಿರುತ್ತದೆ. ಎರಡೂ ನಿಧಾನವಾಗಿ ಮರಳುತ್ತವೆ. ಸೋಡಿಯಂನ ಇನ್ನೊಂದು ಗೇಟು ಎಮ್ ಮಾತ್ರ ಚುರುಕು. ಆ ಸಂದಿನಲ್ಲಿ ಸೋಡಿಯಂ ಗೆಲ್ಲುತ್ತದೆ. ವಿಚಿತ್ರವೆನಿಸುವ ಘಟನೆಯೊಂದಕ್ಕೆ ಗಣಿತ ಕಾರಣ ಕೊಡುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಕಡಿಮೆ.

ಇನ್ನು ಕೊರತೆಗಳು. ಸಮೀಕರಣ ಬಿಡಿಸುವ ವಿಧಾನ ಹೇಳದೆ ಬಿಟ್ಟರೆ ಈ ಮಾದರಿಗೆ ಬ್ರಯಾನ್, ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗುವ ಸಾದಾ ಆಯ್ಲರ್ ವಿಧಾನವನ್ನು 0.1 ಮಿಲಿಸೆಕೆಂಡ್ ಹೆಜ್ಜೆಯಲ್ಲಿ ಹಿಡಿಯುತ್ತದೆ. ಸ್ಪೈಕ್ ಏರುವಾಗ ಸೋಡಿಯಂ ಪ್ರವಾಹಕ್ಕೆ ಈ ಹೆಜ್ಜೆ ತೀರಾ ದೊಡ್ಡದು; ವಿಭವ ಅನಂತಕ್ಕೆ ಹಾರಿ ಗ್ರಾಫ್ ಖಾಲಿಯಾಗುತ್ತದೆ. 'ಎಕ್ಸ್‌ಪೊನೆನ್ಷಿಯಲ್ ಆಯ್ಲರ್' ಎಂದು ನೀವೇ ಬರೆದು, ಹೆಜ್ಜೆ 0.01 ಇಡಿ. ಆರಂಭದ ವಿಭವ ಮೈನಸ್ 40 ಅಥವಾ ಮೈನಸ್ 55 ಮಿಲಿವೋಲ್ಟ್ ಕೊಟ್ಟರೆ ಗೇಟುಗಳ ವೇಗದ ಸೂತ್ರದಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. 'ಎಕ್ಸ್‌ಪ್ರೆಲ್' ಫಲನ ಬಳಸಿದರೆ ಆ ತೊಡಕಿಲ್ಲ. ರಿಫ್ರಾಕ್ಟರಿ ಷರತ್ತು (ಒಂದು ಸ್ಪೈಕ್ ಎಣಿಸಿದ ಮೇಲೆ ಸ್ವಲ್ಪ ಹೊತ್ತು ಮತ್ತೆ ಎಣಿಸಬೇಡ ಎನ್ನುವುದು) ಹಾಕದಿದ್ದರೆ ಮಿತಿಯ ಮೇಲಿರುವ ಪ್ರತಿ ಹೆಜ್ಜೆಯೂ ಒಂದೊಂದು ಸ್ಪೈಕ್ ಎಂದು ಎಣಿಕೆಯಾಗುತ್ತದೆ.

ತಾಪಮಾನದ ವಿಷಯಕ್ಕೆ ತಂತ್ರಾಂಶವನ್ನು ದೂರುವಂತಿಲ್ಲ. ಮೂಲ ಮಾದರಿ 6.3 ಡಿಗ್ರಿ ಸೆಲ್ಸಿಯಸ್‌ನದು. ಧಾರವಾಡದ ಕೋಣೆಯ 27 ಡಿಗ್ರಿ ಹಾಕಿದರೆ, ಹತ್ತು ಡಿಗ್ರಿಗೆ ಮೂರು ಪಟ್ಟಿನ ಲೆಕ್ಕದಲ್ಲಿ ಗೇಟುಗಳ ವೇಗ ಸುಮಾರು 9.7 ಪಟ್ಟಾಗುತ್ತದೆ, ಸ್ಪೈಕ್ ಕುಗ್ಗಿ ಸಣ್ಣದಾಗುತ್ತದೆ. ಮೊದಲು 6.3ರಲ್ಲೇ ಕಲಿಸಿ.

ಮೆಮೊರಿಯ ಕಡೆಗೂ ಗಮನ ಇರಲಿ. 1,000 ಕೋಶಗಳ ನಾಲ್ಕೂ ಚರಾಂಶಗಳನ್ನು (ವಿಭವ, ಎಮ್, ಎಚ್, ಎನ್) ಒಂದು ಸೆಕೆಂಡಿನ ಉದ್ದಕ್ಕೂ 0.01ರ ಹೆಜ್ಜೆಯಲ್ಲಿ ದಾಖಲಿಸಿದರೆ 3.2 ಜಿಬಿ ಆಗುತ್ತದೆ. 4 ಜಿಬಿ ಯಂತ್ರ ಅಲ್ಲೇ ಕುಸಿಯುತ್ತದೆ. ನಾಲ್ಕೈದು ಕೋಶಗಳನ್ನಷ್ಟೇ ದಾಖಲಿಸಿ, ಉಳಿದವುಗಳ ಸ್ಪೈಕ್ ಸಮಯ ಮಾತ್ರ ಇಟ್ಟುಕೊಳ್ಳಿ.