ಸೌದೆ ಸೀಳುವ ಯಂತ್ರ ಕಟ್ಟುವವರೇ, ಗೇಜ್ ಇಲ್ಲದೆ ರಿಲೀಫ್ ಸ್ಕ್ರೂ ಮುಟ್ಟಬೇಡಿ

ಹಳೆಯ ಭಾಗಗಳನ್ನು ಕೂಡಿಸಿ ಮನೆಯಲ್ಲೇ ಕಟ್ಟಿದ ಒಂದು ಸೌದೆ ಸೀಳುವ ಯಂತ್ರ ನಾಲ್ಕೇ ದಿನಕ್ಕೆ ಕೆಟ್ಟು ನಿಂತಿತು. ಇಂಥ ಯಂತ್ರದಲ್ಲಿ ಪಂಪ್ ಒತ್ತುವ ಎಣ್ಣೆ ಸಿಲಿಂಡರಿನ ರಾಡನ್ನು ದೂಡುತ್ತದೆ, ರಾಡ್ ದಿಮ್ಮಿಯನ್ನು ಬೆಣೆಗೆ ಒತ್ತುತ್ತದೆ; ಸಿಲಿಂಡರ್, ಬೆಣೆ ಎರಡೂ ಒಂದೇ ಉಕ್ಕಿನ ಬೀಮಿನ ಮೇಲೆ ಕೂತಿರುತ್ತವೆ. ಮೊದಲು ಬೀಮ್ ಬಾಗಿತು, ಆಮೇಲೆ ಬೆಣೆಯ ಬುಡದ ವೆಲ್ಡ್ ಬಾಯಿಬಿಟ್ಟಿತು, ಕೊನೆಗೆ ಹೋಸ್ ಕಿತ್ತು ಬಿಸಿ ಎಣ್ಣೆ ಚಿಮ್ಮಿತು. ಆ ಹೊತ್ತಿಗೆ ಆ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಗಂಟಿರುವ ದಿಮ್ಮಿಯೊಂದು ಸೀಳದೆ ನಿಂತಾಗ, ಒತ್ತಡ ತೋರಿಸುವ ಗೇಜೇ ಇಲ್ಲದ ಯಂತ್ರದಲ್ಲಿ, ಕಟ್ಟಿದವರು ವಾಲ್ವಿನ ರಿಲೀಫ್ ಸ್ಕ್ರೂವನ್ನು, ಅಂದರೆ ಎಣ್ಣೆಯ ಒತ್ತಡ ಎಲ್ಲಿಯವರೆಗೆ ಏರಬಹುದೆಂದು ಗೊತ್ತುಮಾಡುವ ತಿರುಪನ್ನು, ಒಂದೂವರೆ ಸುತ್ತು ಬಿಗಿದಿದ್ದರು. ಕೆಡುಕು ಶುರುವಾದದ್ದು ಅಲ್ಲಿಂದ.

ಯಂತ್ರದ ಬಲದ ಲೆಕ್ಕ ಮೊದಲಿಗೆ ಸರಿಯಾಗಿಯೇ ಇತ್ತು. ಸಿಲಿಂಡರಿನ ಒಳವ್ಯಾಸ 100 ಮಿಮೀ, ರಾಡ್ 50 ಮಿಮೀ, ಓಟ 600 ಮಿಮೀ. ಎರಡು ಹಂತದ ಗೇರ್ ಪಂಪ್: ಒತ್ತಡ ಕಡಿಮೆ ಇರುವಾಗ ನಿಮಿಷಕ್ಕೆ ಸುಮಾರು 40 ಲೀಟರ್, ದಿಮ್ಮಿ ಎದುರು ಒತ್ತಿದಾಗ ಸುಮಾರು 10 ಲೀಟರ್. ಎಂಜಿನ್ 6.5 ಅಶ್ವಶಕ್ತಿ. ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂಮೀ. 180 ಬಾರ್ ಒತ್ತಡದಲ್ಲಿ ಇದು ಸುಮಾರು 14 ಟನ್ ಬಲ ಕೊಡುತ್ತದೆ. ಸಾಧಾರಣ ಸೌದೆಗೆ ಇಷ್ಟು ಧಾರಾಳ ಸಾಕು.

ಹಾಗಾದರೆ ದಿಮ್ಮಿ ಸಿಕ್ಕಿಕೊಂಡದ್ದು ಯಾಕೆ? ತಪ್ಪು ಬೆಣೆಯಲ್ಲಿತ್ತು. 25 ಮಿಮೀ ದಪ್ಪದ ತಗಡಿನ ಅಂಚನ್ನು ಎರಡೂ ಕಡೆಯಿಂದ ಬರೀ 22 ಮಿಮೀ ಉದ್ದಕ್ಕೆ ಉಜ್ಜಿದ್ದರು. ಅಂದರೆ ಒಟ್ಟು ಕೋನ 60 ಡಿಗ್ರಿ. ಅದರ ಬೆನ್ನಿಗೇ, ಬಿರುಕು ಅಗಲಿಸಲೆಂದು, ರೆಕ್ಕೆಗಳನ್ನು ಬೆಸೆದಿದ್ದರು. ಇಂಥ ಮೊಂಡು ಬೆಣೆ ನಾರನ್ನು ಬಿಡಿಸುವುದಿಲ್ಲ, ಜಜ್ಜುತ್ತದೆ. ಅದೇ ತಗಡಿನಲ್ಲಿ ಪ್ರತಿ ಬದಿಗೆ 47 ಮಿಮೀ ಉದ್ದದ ಇಳಿಜಾರು ಕೊಟ್ಟರೆ ಕೋನ 30 ಡಿಗ್ರಿಗೆ ಇಳಿಯುತ್ತದೆ. ರೆಕ್ಕೆಗಳು ಅಂಚಿನಿಂದ ಕನಿಷ್ಠ 100 ಮಿಮೀ ಹಿಂದೆ ಶುರುವಾಗಲಿ. ಬಿರುಕು ಮೊದಲು ಓಡಲಿ, ಅಗಲವಾಗುವುದು ಆಮೇಲೆ. ದಿಮ್ಮಿ ನಿಂತರೆ ಮೊದಲು ನೋಡಬೇಕಾದದ್ದು ಬೆಣೆಯ ಬಾಯಿಯನ್ನು. ದಿಮ್ಮಿಯನ್ನು ತಿರುಗಿಸಿ ಗಂಟು ತಪ್ಪಿಸಿ ಇಡುವುದೂ ಸ್ಕ್ರೂ ಬಿಗಿಯುವುದಕ್ಕಿಂತ ಎಷ್ಟೋ ವಾಸಿ.

ಆಮೇಲೆ ಗೇಜ್ ಹಾಕಿ ನೋಡಿದಾಗ ಮುಳ್ಳು 240 ಬಾರ್ ತೋರಿಸಿತು, ಅಂದರೆ 19 ಟನ್. ಬೀಮ್ ಬಾಗಿದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ. ಅದು 200 ಮಿಮೀ ಎತ್ತರದ, ಮೀಟರಿಗೆ 25 ಕೆಜಿ ತೂಗುವ ಐ-ಬೀಮ್. ಸಿಲಿಂಡರಿನ ನಡುರೇಖೆ ಬೀಮಿನ ಮೇಲ್ಮೈಯಿಂದ 150 ಮಿಮೀ ಮೇಲಿತ್ತು, ಬೀಮಿನ ನಡುವಿನಿಂದ ಲೆಕ್ಕ ಹಾಕಿದರೆ 250 ಮಿಮೀ. ಬಲ ಅಷ್ಟು ಎತ್ತರದಲ್ಲಿ ಎರಡೂ ತುದಿಗಳನ್ನು ಹೊರಕ್ಕೆ ದೂಡುವುದರಿಂದ ಬೀಮ್ ಎಳೆತಕ್ಕೂ ಬಾಗುವಿಕೆಗೂ ಒಟ್ಟಿಗೇ ಸಿಗುತ್ತದೆ, ಮೇಲಿನ ಪಟ್ಟಿಯಲ್ಲಿ ಎರಡೂ ಸೇರಿಕೊಳ್ಳುತ್ತವೆ. 180 ಬಾರಿನಲ್ಲಿ ಅಲ್ಲಿ ಚದರ ಮಿಮೀಗೆ ಸುಮಾರು 200 ನ್ಯೂಟನ್ ಬೀಳುತ್ತದೆ. ಸಾಧಾರಣ ಉಕ್ಕು 250ರ ಹತ್ತಿರ ಕಾಯಂ ಆಗಿ ಹಿಗ್ಗಲು ಶುರುಮಾಡುತ್ತದೆ. 240 ಬಾರಿಗೆ ಏರಿಸಿದಾಗ ಲೆಕ್ಕ 269ಕ್ಕೆ ಹೋಯಿತು. ಬೀಮಿನ ನಡುಭಾಗ ಮೇಲಕ್ಕೆ ಉಬ್ಬಿ ಹಾಗೇ ಉಳಿಯಿತು.

ನಿಜ ಹೇಳಬೇಕೆಂದರೆ 180 ಬಾರಿಗೂ ಆ ಬೀಮ್ ಸಾಲದು. ಅದೇ ಎತ್ತರದ, ಆದರೆ 200 ಮಿಮೀ ಅಗಲದ ಪಟ್ಟಿಯಿರುವ, ಮೀಟರಿಗೆ ಸುಮಾರು 61 ಕೆಜಿ ತೂಕದ ಬೀಮ್ ಹಾಕಿದ್ದರೆ ಅದೇ 180 ಬಾರಿನಲ್ಲಿ ಹೊರೆ 80ರ ಆಸುಪಾಸಿನಲ್ಲಿ ಉಳಿಯುತ್ತಿತ್ತು. ಬಾಗಿದ ಬೀಮನ್ನು ಒತ್ತಿ ನೇರ ಮಾಡಿ ಮತ್ತೆ ಹಾಕಬೇಡಿ. ಅದೇ ಹೊರೆಗೆ ಮತ್ತೆ ಬಾಗುತ್ತದೆ.

ಬೆಣೆಯ ವೆಲ್ಡ್ ಹರಿದದ್ದು ದಿಮ್ಮಿಯ ಕಡೆಯ ತುದಿಯಿಂದ. ಬೆಣೆ ಹಿಂದಕ್ಕೆ ವಾಲಲು ನೋಡುವಾಗ ಎಳೆತ ಬೀಳುವುದು ಆ ತುದಿಗೇ. ಇಲ್ಲಿ ಎರಡು ಬದಿಗೆ 6 ಮಿಮೀ ವೆಲ್ಡ್ ಎಳೆದು ಬಿಟ್ಟಿದ್ದರು, ಹಿಂದೆ ಆಸರೆಯೇ ಇರಲಿಲ್ಲ. ಬೆಣೆಯ ಬುಡವನ್ನು ಇಳಿಜಾರಾಗಿ ಉಜ್ಜಿ, ಒಣಗಿಸಿದ 7018 ವೆಲ್ಡಿಂಗ್ ಕಡ್ಡಿಯಿಂದ ಬುಡದವರೆಗೂ ಕರಗುವಂತೆ ಬೆಸೆಯಿರಿ. ಮುಂದಿನ ತುದಿಯಲ್ಲಿ ವೆಲ್ಡ್ ಶುರುಮಾಡಬೇಡಿ, ಅಲ್ಲಿ ನಿಲ್ಲಿಸಲೂ ಬೇಡಿ; ಸುತ್ತಿಕೊಂಡು ಮುಂದೆ ಹೋಗಿ. ಹಿಂದೆ ಆಸರೆಗೆ 12 ಮಿಮೀ ತಗಡಿನ ಎರಡು ಮೂಲೆಪಟ್ಟಿ (ಗಸೆಟ್) ಇರಲಿ.

ಹೋಸಿನ ವಿಷಯ ಬೇರೆ. ರಿಲೀಫ್ ವಾಲ್ವ್ ಸರಿಯಾಗಿದ್ದರೂ ಕೈಕೊಡುವ ಜಾಗ ಇದು, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ರಾಡ್ ಕಡೆಯ ಹೋಸಿಗೆ ಬಿಚ್ಚಲು ಸುಲಭವೆಂದು ಕ್ವಿಕ್ ಕಪ್ಲರ್ (ಒತ್ತಿ ಸಿಕ್ಕಿಸುವ ಜೋಡಣೆ) ಹಾಕಿದ್ದರು. ಅದು ಪೂರ್ತಿ ಕೂರದಿದ್ದರೆ ಒಳಗಿನ ಗುಂಡು ದಾರಿ ಮುಚ್ಚಿಬಿಡುತ್ತದೆ. ಪಿಸ್ಟನ್ನಿನ ಹಿಂದೆ 78.5 ಚದರ ಸೆಂಮೀ, ಮುಂದೆ ರಾಡ್ ಕಳೆದು ಉಳಿಯುವುದು 58.9. ಎಣ್ಣೆ ಹೊರಹೋಗಲಾಗದೆ ಸಿಕ್ಕಿಬಿದ್ದರೆ ಹಿಂದಿನ 240 ಬಾರ್ ಮುಂದೆ 320 ಆಗುತ್ತದೆ. ರಾಡ್ 70 ಮಿಮೀ ಇದ್ದಿದ್ದರೆ ಹೆಚ್ಚುಕಡಿಮೆ ಎರಡರಷ್ಟು. ರಿಲೀಫ್ ಇರುವುದು ಪಂಪಿನ ಕಡೆ, ಅದಕ್ಕೆ ಈ ಒತ್ತಡ ಕಾಣುವುದೇ ಇಲ್ಲ. 160 ಬಾರಿನ, ಒಂದೇ ಪದರ ತಂತಿಯ, ತುದಿಯ ಫಿಟ್ಟಿಂಗ್ ಕಚ್ಚಿಸಿದ ಕ್ರಿಂಪ್ ಬಳಿ ತುಕ್ಕು ಹಿಡಿದ ಹಳೆಯ ಹೋಸ್ ಅಲ್ಲೇ ಕಿತ್ತುಬಂತು. ಸಿಲಿಂಡರಿಗೂ ವಾಲ್ವಿಗೂ ನಡುವೆ ಕಪ್ಲರ್ ಬೇಡವೇ ಬೇಡ. ಎರಡು ಪದರದ ಹೊಸ ಹೋಸ್ ಹಾಕಿ, ನೇರವಾಗಿ ತಿರುಪಿನಿಂದ ಜೋಡಿಸಿ. ನೀರಿನ ಪೈಪಿನ ಸತು ಲೇಪದ ಫಿಟ್ಟಿಂಗ್ ಈ ಒತ್ತಡಕ್ಕೆ ಮಾಡಿದ್ದಲ್ಲ. ಟೆಫ್ಲಾನ್ ಟೇಪಿನ ಚೂರುಗಳು ವಾಲ್ವಿನೊಳಗೆ ಸೇರಿ ಸಿಕ್ಕಿಕೊಳ್ಳುತ್ತವೆ.

ಸೋರಿಕೆಯನ್ನು ಎಂದೂ ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಹೆಚ್ಚಿರಲಿಕ್ಕಿಲ್ಲ. ಬೆಳಗ್ಗೆ ನೋಡೋಣ ಎಂದು ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಹೆಚ್ಚು ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ ಎಂದು ಬಿಡಿಸಿ ಹೇಳಿ. ತಡವಾದರೆ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು.

ಇನ್ನು ಸ್ಕ್ರೂ ತಿರುಗಿಸುವ ಕ್ರಮ. ಪಂಪಿನಿಂದ ವಾಲ್ವಿಗೆ ಹೋಗುವ ದಾರಿಯಲ್ಲಿ ಮೂರು ಬಾಯಿಯ ಟೀ ಫಿಟ್ಟಿಂಗ್ ಹಾಕಿ, 0ಯಿಂದ 400 ಬಾರಿನ ಗ್ಲಿಸರಿನ್ ತುಂಬಿದ ಗೇಜ್ ಕೂರಿಸಿ, ಅದು ಅಲ್ಲೇ ಕಾಯಂ ಇರಲಿ. ಸ್ಕ್ರೂವನ್ನು ಮೊದಲು ಸಡಿಲಿಸಿ. ದಿಮ್ಮಿ ಇಡದೆ ರಾಡನ್ನು ಪೂರ್ತಿ ಒಳಕ್ಕೆ ಎಳೆಸಿ, ತುದಿ ಮುಟ್ಟಿದ ಮೇಲೆ ಲಿವರನ್ನು ಎರಡು ಮೂರು ಸೆಕೆಂಡ್ ಹಿಡಿದು ಮುಳ್ಳು ನೋಡಿ, ಬಿಡಿ. ಕಾಲು ಸುತ್ತು ಬಿಗಿಯಿರಿ, ಮತ್ತೆ ನೋಡಿ. ಪಂಪ್, ವಾಲ್ವ್, ಹೋಸ್, ಸಿಲಿಂಡರ್ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಒತ್ತಡದ್ದೋ ಅದಕ್ಕಿಂತ ಕೆಳಗೇ ನಿಲ್ಲಿಸಿ. ಲಿವರನ್ನು ಹಿಡಿದುಕೊಂಡೇ ಇರಬೇಡಿ: ರಿಲೀಫ್ ತೆರೆದಿರುವಾಗ ಎಂಜಿನ್ನಿನ ಶಕ್ತಿಯೆಲ್ಲ ಶಾಖವಾಗುತ್ತದೆ, ಟ್ಯಾಂಕಿನಲ್ಲಿ 20 ಲೀಟರ್ ಎಣ್ಣೆ ಇದ್ದರೆ ನಿಮಿಷಕ್ಕೆ ಐದಾರು ಡಿಗ್ರಿ ಬಿಸಿಯೇರುತ್ತದೆ. ಗೊತ್ತುಮಾಡಿದ ಮೇಲೆ ಸ್ಕ್ರೂ ಅಲುಗದಂತೆ ಹಿಡಿಯುವ ಚೆಕ್ ನಟ್ ಬಿಗಿದು ಸ್ಕ್ರೂವಿನ ತಲೆಗೆ ಬಣ್ಣದ ಗೆರೆ ಎಳೆಯಿರಿ. ಯಾರಾದರೂ ತಿರುಗಿಸಿದ್ದರೆ ಗೆರೆ ನೋಡಿದೊಡನೆ ಗೊತ್ತಾಗುತ್ತದೆ.