ಡ್ರಾಪ್ಸ್, ಜೆಲ್, ಮುಲಾಮು: ಕಣ್ಣಲ್ಲಿ ಯಾವುದು ನಿಲ್ಲುತ್ತದೆ?

ಒಣಗುವ ಕಣ್ಣಿಗೆ ಈ ಮೂರನ್ನೂ ಹಾಕಿ ನೋಡಿದ್ದೇನೆ. ಹಗಲಿಗೆ ಜೆಲ್, ರಾತ್ರಿಗೆ ಮುಲಾಮು ಅಂತ ನನ್ನ ಮಟ್ಟಿಗೆ ತೀರ್ಮಾನವಾಗಿದೆ.

ಡ್ರಾಪ್ಸ್ ಹಾಕೋದು ಸುಲಭ. ಅಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಕಣ್ಣಿನ ಮೇಲೆ ಸದಾ ಇರುವ ನೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿಯೇ 30ರಿಂದ 50. ಜಾಗವೇ ಇಲ್ಲ, ಅಲ್ವಾ? ಒಂದಷ್ಟು ಕೆನ್ನೆಗೆ ಇಳಿಯುತ್ತದೆ. ಇನ್ನಷ್ಟು ರೆಪ್ಪೆಯ ಒಳಮೂಲೆಯಲ್ಲಿರುವ ಸಣ್ಣ ತೂತುಗಳಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ. ಅಲರ್ಜಿಯ ಡ್ರಾಪ್ಸ್ ಹಾಕಿದಾಗಲೆಲ್ಲ ನನಗೆ ನಾಲಿಗೆಯ ಬುಡ ಕಹಿಯಾಗುತ್ತಿತ್ತು. ಎರಡೆರಡು ಹನಿ ಒಟ್ಟಿಗೆ ಸುರಿಯೋದು ಸುಮ್ನೆ ದಂಡ.

ಉಳಿದದ್ದಾದರೂ ಪೂರ್ತಿ ಒಳಗೆ ಹೋಗುತ್ತದೆಯೇ? ಇಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅರ್ಧ ಮಿಲಿಮೀಟರಿನಷ್ಟು ದಪ್ಪ, ಆದರೆ ಭಾರೀ ಬಿಗಿ. ಮೇಲಿನ ಪದರದ ಜೀವಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಅಂಟಿಕೊಂಡಿರುತ್ತವೆ. ಅಲ್ಲಿ ನುಸುಳಲು ಕೊಬ್ಬಿನಲ್ಲಿ ಕರಗುವ ಗುಣ ಬೇಕು. ಅದರ ಕೆಳಗಿನ ಪದರದಲ್ಲಿ ನೀರೇ ಜಾಸ್ತಿ, ಅಲ್ಲಿ ನೀರಿನಲ್ಲಿ ಕರಗಬೇಕು. ಎರಡೂ ಗೊತ್ತಿರುವ ಔಷಧಿಗಷ್ಟೇ ದಾರಿ. ಸಾಮಾನ್ಯವಾಗಿ ಹನಿಯ 5%ಕ್ಕಿಂತ ಕಡಿಮೆ ಪಾಲು ಕಣ್ಣಿನೊಳಗೆ ಸೇರುತ್ತದೆ. ಬಿಳಿಭಾಗದ ಮೇಲಿನ ತೆಳು ಪೊರೆ ಇಷ್ಟು ಬಿಗಿಯಲ್ಲ. ಆದರೆ ಅಲ್ಲಿ ರಕ್ತನಾಳಗಳಿವೆ, ಹೀರಿದ್ದು ರಕ್ತಕ್ಕೂ ಸೇರುತ್ತದೆ. ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಹಾಕುವ ಟಿಮೊಲಾಲ್ ಹನಿಯನ್ನು ಆಸ್ತಮಾ ಇರುವವರಿಗೆ ಕೊಡಬಾರದು ಅನ್ನೋದು ಇದಕ್ಕೇ: ರಕ್ತದ ಮೂಲಕ ಅದು ಶ್ವಾಸನಾಳವನ್ನೂ ಬಿಗಿಯಾಗಿಸಬಹುದು.

ಒಣಕಣ್ಣಿನ ಲೆಕ್ಕ ಬೇರೆ. ಅಲ್ಲಿ ಒಳಗೆ ಹೋಗಬೇಕಾದ್ದೇನಿಲ್ಲ, ಮೇಲೆ ನಿಂತರೆ ಸಾಕು. ಜೆಲ್ ಗೆದ್ದದ್ದು ಇಲ್ಲೇ. ಮಂದವಾಗಿರುವುದರಿಂದ ರೆಪ್ಪೆ ಬಡಿದರೂ ಬೇಗ ಕೊಚ್ಚಿಹೋಗುವುದಿಲ್ಲ. ಹಾಕಿದ ಕೂಡಲೇ ಸ್ವಲ್ಪ ಮಬ್ಬು, ಆಮೇಲೆ ಸರಿಹೋಗುತ್ತದೆ.

ಮುಲಾಮು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ. ಅದರ ಜಿಡ್ಡು ಮೈಬಿಸಿಗೆ ಕರಗಿ ಹರಡುತ್ತದೆ. ಹಾಕಿಕೊಂಡು ಓದೋಣ ಅಂದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ, ರೆಪ್ಪೆಗೂದಲು ಅಂಟಂಟು. ಮಲಗುವ ಮುಂಚೆ ಮಾತ್ರ ಸರಿ.

ಬಾಟಲಿ ಕೊಳ್ಳುವಾಗ ಬೆಂಜಾಲ್ಕೋನಿಯಂ ಕ್ಲೋರೈಡ್ ಇದೆಯಾ ನೋಡಿ. ಔಷಧಿ ಕೆಡದಂತೆ ಹಾಕುವ ಈ ವಸ್ತು ಮೇಲ್ಪದರದ ಆ ಬಿಗಿಯನ್ನೇ ಸಡಿಲಿಸುತ್ತದೆ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ಅದನ್ನು ಹೀರಿಕೊಳ್ಳುತ್ತದೆ. ದಿನಕ್ಕೆ ಹಲವು ಸಲ ಹಾಕುವವರಿಗೆ ಅದಿಲ್ಲದ, ಒಂದು ಸಲ ಬಳಸಿ ಬಿಸಾಡುವ ಪುಟ್ಟ ಟ್ಯೂಬೇ ಮೇಲು.

ಔಷಧಿಯ ಹನಿ ಹಾಕಲೇಬೇಕಾದಾಗ ಈಗ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಕೊಳ್ಳುತ್ತೇನೆ. ಕಹಿ ಬಹಳ ಕಡಿಮೆಯಾಗಿದೆ. ಇನ್ನೊಂದು ಹನಿ ಇದ್ದರೆ 5 ನಿಮಿಷ ಬಿಟ್ಟು. ಮುಲಾಮು ಎಲ್ಲದರ ಕೊನೆಗೆ.