ಬ್ಯಾಡಗಿ ಮೆಣಸಿನಕಾಯಿ ಧೂಳು, ನನ್ನ ಮೂಗು, ಒಂದ್ ಸ್ಟೀಲ್ ನೇತಿ ಪಾತ್ರೆ: ಭಾಳ ದಿನ ಬಳಸಿದ ಮ್ಯಾಲಿನ ವಿಮರ್ಶೆ

ವಸ್ತು ಏನಂದ್ರ ಸ್ಟೀಲಿನ ಜಲನೇತಿ ಪಾತ್ರೆ, ಅಂದ್ರ ಉಪ್ಪುನೀರು ಹಾಕಿ ಮೂಗು ತೊಳಕೊಳ್ಳೋದು, ಉದ್ದ ಮೂತಿದು, ಅರ್ಧ ಲೀಟರ್ ನೀರು ಹಿಡಿಯೋದು. ಹುಬ್ಬಳ್ಳಿ ದುರ್ಗದಬೈಲ್‌ದಾಗ ಪಾತ್ರೆ ಅಂಗಡಿಯಾಗ ತಗೊಂಡಿದ್ದು, ಆಗ ಮುನ್ನೂರರ ಆಸುಪಾಸು ಇತ್ತು. ಬಳಸಾಕ ಹತ್ತಿ ಮೂರ್ನಾಕು ಸುಗ್ಗಿ ದಾಟ್ಯಾವ, ಸುಗ್ಗಿ ಅಂದ್ರ ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿ, ಡಿಸೆಂಬರ್ ಜನವರಿಗೆ ಚಾಲೂ ಆದ್ರ ಏಪ್ರಿಲ್ ಮೇ ತನಕ ನಡೀತೈತಿ. ಒಂದ್ ವಾರ ಬಳಸಿ ಐದು ಸ್ಟಾರ್ ಕೊಟ್ಟು ಹೋಗೋರ ವಿಮರ್ಶೆ ಓದಿ ನನಗ ಏನೂ ತಿಳೀಲಿಲ್ಲ, ಅದಕ್ಕ ಪೂರ್ತಿ ಪಳಗಿದ ಮ್ಯಾಲೆ ಬರೀತಿದ್ದೀನಿ.

ನಾ ಇಲ್ಲಿ ಒಂದ್ ದಲಾಲಿ ಅಂಗಡಿಯಾಗ ಲೆಕ್ಕ ಬರಿಯಾಂವ. ಸೋಮವಾರ ಗುರುವಾರ ಟೆಂಡರ್ ದಿನ, ಅವತ್ತ ಎಪಿಎಂಸಿ ಯಾರ್ಡಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಬ್ಯಾಡಗಿ ಕಾಯಿಯೊಳಗಿನ ಡಬ್ಬಿ ಜಾತಿ ಒಂದ್ ಕಡೆ, ಕಡ್ಡಿ ಜಾತಿ ಒಂದ್ ಕಡೆ, ಆಂಧ್ರದ ಕಡಿಂದ ಬಂದ ಗುಂಟೂರು ಕಾಯಿ ಮತ್ತೊಂದ್ ಕಡೆ, ಹಮಾಲರು ಚೀಲ ಎತ್ತಿ ಒಗದಾಗೊಮ್ಮೆ ಕೆಂಪು ಧೂಳು ಏಳ್ತೈತಿ. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ ಬಣ್ಣ ಜಾಸ್ತಿ ಅಂತಾರಲ್ಲ, ಅದು ಖರೇನ ಐತಿ, ಆದ್ರ ದಿನಾ ಬೆಳಗಿಂದ ಸಂಜಿತನಕ ಆ ಘಾಟಿನ್ಯಾಗ ಕುಂತವರ ಮೂಗಿಗೆ ಆ ಮಾತು ಉಪಯೋಗ ಇಲ್ಲ. ಸಂಜಿಕ ಮನಿಗೆ ಬಂದ್ರ ಮೂಗು ಬಂದ್ ಆಗಿರ್ತಿತ್ತು, ರಾತ್ರಿಯೆಲ್ಲಾ ಬಾಯಿ ತೆರದು ಮಲಗೋದು, ಮುಂಜಾನೆ ಎದ್ದ ಕೂಡ್ಲೆ ಸಾಲು ಸೀನು, ಹಣಿ ಮ್ಯಾಲೆ ಕಲ್ಲು ಹೇರಿದಂಗ ಭಾರ. ಸುಗ್ಗಿ ಮುಗದ ಮ್ಯಾಲಾದ್ರೂ ಆರಾಮ ಇರಬೇಕಂದ್ರ ಮಳಿ ಬಿದ್ದ ಮ್ಯಾಲೆ ರೋಡಿನ ಬಾಜೂಕ, ಹೊಲದ ಬದುವಿನ ಮ್ಯಾಲೆ ಕಾಂಗ್ರೆಸ್ ಗಿಡ ಹೂ ಬಿಡ್ತೈತಿ, ಅದೂ ನನಗ ಆಗಿ ಬರಂಗಿಲ್ಲ. ಅಲರ್ಜಿಗೆ ಕೊಡೋ ಸಿಟ್ರಿಜಿನ್ ಗುಳಿಗಿ ನುಂಗಿದ್ರ ಸೀನು ನಿಲ್ತಿದ್ವು, ಆದ್ರ ದಿನದ ಲೆಕ್ಕದ ಪುಸ್ತಕ ರೋಜ್‌ಮೇಳದ ಮುಂದ ಕುಂತು ಕಣ್ಣು ಎಳಿತಿದ್ವು, ಸುಗ್ಗಿಯಾಗ ಒಂದ್ ಸೊನ್ನಿ ಹೆಚ್ಚು ಕಮ್ಮಿ ಆದ್ರ ಏನಾಗ್ತೈತಿ ಅಂತ ಲೆಕ್ಕ ಬರಿಯೋರಿಗೆ ಗೊತ್ತು.

ಈ ನೇತಿ ಅನ್ನೋದು ನನಗ ಹೊಸಾದಲ್ಲ, ನಮ್ಮ ಭಾವ ಯೋಗ ಶಿಬಿರಕ್ಕ ಹೋಗಿ ಬಂದಾಗೆಲ್ಲಾ ಹೇಳ್ತಿದ್ದ. ಆದ್ರ ಅಲ್ಲಿ ಅವರಿಗೆ ಹೇಳಿಕೊಟ್ಟ ಪಟ್ಟಿ ಹೆಂಗಿತ್ತಂದ್ರ ಚಷ್ಮಾ ಹೋಗ್ತೈತಿ, ನೆನಪಿನ ಶಕ್ತಿ ಬರ್ತೈತಿ, ಬಿಳಿ ಕೂದಲು ಕಪ್ಪಾಗ್ತೈತಿ, ಮೆದುಳಿನ ಕಸ ಎಲ್ಲಾ ಮೂಗಿಂದ ಹರದು ಹೋಗ್ತೈತಿ. ಮೂಗಿಂದ ಮೆದುಳಿಗೆ ನೀರು ಹೋಗೋ ದಾರಿನ ಇಲ್ಲ, ನಡುವ ಎಲುಬಿನ ಗೋಡಿ ಐತಿ, ಅಷ್ಟು ಗೊತ್ತಿದ್ದಾಂವ ಇಂಥಾ ಮಾತು ಕೇಳಿ ಪಾತ್ರೆ ಕೊಳ್ಳಾಕ ಹೋಗಂಗಿಲ್ಲ. ಇವತ್ತಿಗೂ ಆ ಪಟ್ಟಿ ಬಗ್ಗೆ ನನ್ನ ಅಭಿಪ್ರಾಯ ಅದನ ಐತಿ. ಇನ್ನೊಂದು, ಐದು ಸಾವಿರ ವರ್ಷದ ವಿದ್ಯೆ ಅಂತ ಡಬ್ಬಿ ಮ್ಯಾಲೆ ಬರದಿರ್ತಾರ, ಆದ್ರ 15ನೇ ಶತಮಾನದ ಹಠಯೋಗ ಪ್ರದೀಪಿಕೆ ಅನ್ನೋ ಗ್ರಂಥದೊಳಗ ಷಟ್ಕರ್ಮ, ಅಂದ್ರ ಮೈ ಶುದ್ಧಿಯ ಆರು ಕ್ರಿಯೆದಾಗ ಹೇಳಿದ ನೇತಿ ದಾರದ್ದು, ಮೂಗಿನ್ಯಾಗ ದಾರ ಹಾಕಿ ಬಾಯಿಂದ ತಗಿಯೋದು, ನೀರಿಂದು ಅಲ್ಲ. ಹಳೇದು ಅನ್ನೋದಷ್ಟರಿಂದನ ಒಂದ್ ವಸ್ತು ಒಳ್ಳೇದಾಗಂಗಿಲ್ಲ, ಹಳೇದಲ್ಲ ಅಂದ ಮಾತ್ರಕ್ಕ ಕೆಟ್ಟದ್ದೂ ಅಲ್ಲ.

ನನ್ನ ಮನಸ್ಸು ತಿರುಗಿದ್ದು ಹುಬ್ಬಳ್ಳಿಯ ಒಬ್ಬ ಕಿವಿ ಮೂಗು ಗಂಟಲು ಡಾಕ್ಟರಿಂದ. ಮೂಗಿನೊಳಗಿನ ಊತ ಇಳಿಸೋ ಮೊಮೆಟಾಸೋನ್ ಸ್ಪ್ರೇ ಬರದ್ರು, ಅದರ ಕೆಳಗ ದಿನಾ ಉಪ್ಪುನೀರಿಂದ ಮೂಗು ತೊಳೀರಿ ಅಂತನೂ ಬರದ್ರು. ನಾ ಕೇಳಿದೆ, ಅಂದ್ರ ಜಲನೇತಿ ಏನ್ರಿ ಅಂತ. ಅವರು ಹೂಂ, ನೇತಿ ಪಾತ್ರೆ ಇದ್ರ ಅದರಾಗ ಮಾಡ್ರಿ, ಇಲ್ಲಂದ್ರ ಮೆಡಿಕಲ್ ಸ್ಟೋರ್‌ದಾಗ ಒತ್ತಿ ಹಾಕೋ ಬಾಟ್ಲಿ ಸಿಗ್ತೈತಿ, ಕೆಲಸ ಒಂದ, ಮ್ಯಾಲಿನ ಕಸ ತೊಳದ್ರ ಸ್ಪ್ರೇ ಚರ್ಮಕ್ಕ ಮುಟ್ಟತೈತಿ, ಇಲ್ಲಂದ್ರ ಸಿಂಬಳದ ಮ್ಯಾಲೆ ಬಿದ್ದು ಹೋಗ್ತೈತಿ ಅಂದ್ರು. ಇಷ್ಟು ಸೀದಾ ಕಾರಣ ಶಿಬಿರದಾಗ ಯಾರೂ ಹೇಳಿರಲಿಲ್ಲ. ಮನಿಗೆ ಬಂದು ಹುಡುಕಿ ಓದಿದೆ, ಕಾಕ್ರೇನ್ ಅನ್ನೋ ಸಂಸ್ಥೆಯವರು ಅಲರ್ಜಿ ನೆಗಡಿಗೆ ಉಪ್ಪುನೀರು ತೊಳೆಯೋದರ ಮ್ಯಾಲೆ ಆದ ಪ್ರಯೋಗ ಎಲ್ಲಾ ಕೂಡಿಸಿ 2018ರಾಗ ಒಂದ್ ವರದಿ ಮಾಡ್ಯಾರ, ದೊಡ್ಡವರಿಗೂ ಮಕ್ಕಳಿಗೂ ತ್ರಾಸು ಕಮ್ಮಿ ಆಗಬಹುದು ಅಂದಾರ, ಜೊತಿಗೆ ಪುರಾವೆಯ ಗುಣಮಟ್ಟ ಕಮ್ಮಿ ಐತಿ ಅಂತನೂ ಬಾಯಿ ಬಿಟ್ಟು ಹೇಳ್ಯಾರ. ಆ ಎರಡನೇ ಮಾತಿನಿಂದನ ನನಗ ಮೊದಲನೇದ್ರ ಮ್ಯಾಲೆ ನಂಬಿಕಿ ಬಂತು.

ಮೊದಲ ಸಲ ಮಾಡಿದ್ದು ಒಂದ್ ಟೆಂಡರ್ ದಿನದ ಸಂಜಿಕ. ಬೇಸಿನ್ ಮ್ಯಾಲೆ ಬಗ್ಗಿ, ತಲಿ ಒಂದ್ ಬಾಜೂಕ ವಾಲಿಸಿ, ಬಾಯಿಂದ ಉಸಿರಾಡ್ಕೋತ, ಮ್ಯಾಲಿನ ಹೊರಳೆಗೆ ಮೂತಿ ಒತ್ತಿ ಹಿಡದು ಪಾತ್ರೆ ಎತ್ತಿದೆ. ಏನೂ ಆಗಲಿಲ್ಲ, ನೀರು ಅಲ್ಲೇ ನಿಂತಂಗ ಆತು, ಆಮ್ಯಾಲೆ ಮೂಗಿನ ಬುಡದಾಗ ಬೆಚ್ಚನಿ ಹರಿದಾಟ ತಿಳೀತು, ಮತ್ತ ಕೆಳಗಿನ ಹೊರಳೆಯಿಂದ ಹನಿ ಹನಿ, ಹಿಂದಿಂದನ ಧಾರಿ. ಬಿಳಿ ಬೇಸಿನ್ನಿಗೆ ಬಿದ್ದ ನೀರು ತೆಳ್ಳಗ ಕೆಂಪಗ ಇತ್ತು, ನಾ ರಕ್ತ ಅನಕೊಂಡೆ, ಬಗ್ಗಿ ನೋಡಿದ್ರ ರಕ್ತ ಅಲ್ಲ, ಲೋಳಿಯೊಳಗ ಸಿಕ್ಕೊಂಡ ಮೆಣಸಿನಕಾಯಿ ಪುಡಿ, ಒಂದೆರಡು ಸಿಪ್ಪಿ ಚೂರಂತೂ ಬೆರಳಿನಾಗ ಹಿಡಿಯೋವಷ್ಟು ದೊಡ್ಡವು. ಇಷ್ಟೆಲ್ಲಾ ಒಳಗ ಇಟಗೊಂಡು ರಾತ್ರಿ ಮಲಗ್ತಿದ್ನಲ್ಲ ಅಂತ ಅನಿಸ್ತು. ಖಾರಕ್ಕ ಕಾರಣ ಆಗೋ ಕ್ಯಾಪ್ಸೈಸಿನ್ ನೀರಿನ್ಯಾಗ ಕರಗಂಗಿಲ್ಲ, ಅದಕ್ಕ ಬರೇ ನೀರಿಂದ ಉರಿ ಆರಿಸಾಕ ಆಗಂಗಿಲ್ಲ, ಆದ್ರ ಅದನ್ನ ಹೊತ್ತು ಬಂದ ಧೂಳು, ಅಂಟಿದ ಸಿಂಬಳ ಎರಡನ್ನೂ ನೀರು ತಳ್ಳಿಕೊಂಡು ಹೋಗ್ತೈತಿ. ಮಂತ್ರ ಇಲ್ಲ ಮಾಯೆ ಇಲ್ಲ, ಹೊಲದಿಂದ ಬಂದವರು ಕೈಕಾಲು ತೊಳಕೊಳ್ತೀವಲ್ಲ, ಅಷ್ಟ.

ಉಪ್ಪಿನ ವಿಷಯ ಯಾರೂ ಸರಿ ಹೇಳಂಗಿಲ್ಲ, ಒಂದ್ ಚಿಟಿಗಿ ಅಂತಾರ. ನಮ್ಮ ರಕ್ತದ ಹದಕ್ಕ ಹೊಂದೋ ಸಲೈನ್ ಅಂದ್ರ 0.9 ಪರ್ಸೆಂಟ್, ಲೀಟರಿಗೆ 9 ಗ್ರಾಂ, ಅರ್ಧ ಲೀಟರಿಗೆ ನಾಲ್ಕೂವರಿ ಗ್ರಾಂ. ಉಪ್ಪು ಕಮ್ಮಿ ಆದ್ರೂ ಉರೀತೈತಿ, ಹೆಚ್ಚಾದ್ರೂ ಉರೀತೈತಿ, ಸರಿ ಇದ್ರ ಏನೂ ಗೊತ್ತಾಗಂಗಿಲ್ಲ, ಮಾಡಾಕ ಹೋಗಿ ಮೂಗು ಉರದು ಬಿಟ್ಟವರು ಭಾಳ ಮಂದಿ ಇದ ಕಾರಣಕ್ಕ ಬಿಟ್ಟಾರ ಅಂತ ನನ್ನ ಅಂದಾಜು. ಹರಳುಪ್ಪು, ಪುಡಿಉಪ್ಪು ಚಮಚದಾಗ ಬ್ಯಾರೆ ಬ್ಯಾರೆ ತೂಕ ಬರ್ತಾವ, ಅದಕ್ಕ ಅಡಿಗಿ ಮನಿ ಡಿಜಿಟಲ್ ತಕ್ಕಡಿ ಮ್ಯಾಲೆ ತೂಗಿ ಸಣ್ಣ ಪೊಟ್ಟಣ ಕಟ್ಟಿ ಡಬ್ಬಿಯಾಗ ಇಟ್ಟೀನಿ. ಸೈಂಧವ ಲವಣನ ಬೇಕು ಅಂತಾರ, ಅಂಗಡಿಯಾಗ ಸಿಗೋದ್ರಾಗ ಕಲ್ಲಿನ ಪುಡಿ ತಳಕ್ಕ ಕುಂದರ್ತೈತಿ, ನನಗ ಏನೂ ಫರಕ್ ಕಾಣಲಿಲ್ಲ, ಏನೂ ಕಲಸದ ಶುದ್ಧ ಉಪ್ಪು ಸಾಕು.

ನೀರಿನ ಬಗ್ಗೆ ಮಾತ್ರ ನಿಂತು ಓದ್ರಿ. ನಳದ ನೀರು ಸೀದಾ ಮೂಗಿಗೆ ಹಾಕಬ್ಯಾಡ್ರಿ. ಬೋರಿನ ನೀರು ಬ್ಯಾಡ, ಟಾಕಿ ನೀರು ಬ್ಯಾಡ, ಕೆರಿ ನೀರಂತೂ ಬ್ಯಾಡೇ ಬ್ಯಾಡ. 2011ರಾಗ ಅಮೆರಿಕದ ಲೂಸಿಯಾನಾದಾಗ ನೇತಿ ಪಾತ್ರೆಗೆ ನಳದ ನೀರು ಹಾಕಿ ಮೂಗು ತೊಳಕೊಂಡ ಇಬ್ಬರು ಸತ್ತಾರ, ಕಾರಣ ನೆಗ್ಲೇರಿಯಾ ಫೌಲರಿ ಅನ್ನೋ ಅಮೀಬಾ. 2024ರಾಗ ಕೇರಳದಾಗ ಮಕ್ಕಳು ಇದ ಮಿದುಳಿನ ರೋಗದಿಂದ ತೀರಿಕೊಂಡ ಸುದ್ದಿ ಎಲ್ಲಾರೂ ಓದೀವಿ. ಅದು ಕುಡದ್ರ ಏನೂ ಮಾಡಂಗಿಲ್ಲ, ಮೂಗಿನ ಮ್ಯಾಲಿನ ಭಾಗದಾಗಿನ ವಾಸನಿ ನರದ ಗುಂಟ ಮೆದುಳಿಗೆ ಏರ್ತೈತಿ, ಅಂದ್ರ ನೀರಿಗೆ ಬಂದ್ ಇರೋ ದಾರಿ ಆ ಹುಳಕ್ಕ ಬಂದ್ ಇಲ್ಲ. ಭಾಳ ಅಪರೂಪ, ಆದ್ರ ಬಂದ್ರ ಉಳಿಯೋರು ಭಾಳ ಕಮ್ಮಿ. ನಮ್ಮ ಕಡೆ ನಳದ ನೀರು ದಿನಾ ಬರಂಗಿಲ್ಲ, ಬಂದಾಗ ತುಂಬಿ ದಿನಗಟ್ಟಲೆ ಇಟಗೊಳ್ತೀವಿ, ಹುಬ್ಬಳ್ಳಿಯವ್ರದ್ದೂ ಇದ ಕಥಿ, ಅದಕ್ಕ ಈ ಮಾತು ನಮಗ ಇನ್ನೂ ಹೆಚ್ಚು ಲಾಗೂ ಆಗ್ತೈತಿ. ಉಪಾಯ ಸಸ್ತಾ ಐತಿ: ನೀರು ಮಳ್ಳಿ ಕುದಿ ಬಂದ ಮ್ಯಾಲೆ ಕನಿಷ್ಠ ಒಂದ್ ನಿಮಿಷ ಕುದಿಯಾಕ ಬಿಡ್ರಿ, ಮುಚ್ಚಿಟ್ಟು ಉಗುರು ಬೆಚ್ಚಗ ಆದ ಮ್ಯಾಲೆ ಬಳಸ್ರಿ. ಆರ್‌ಓ ನೀರಿದ್ರೂ ನಾ ಕುದಿಸ್ತೀನಿ. ಬಿಸಿ ನೋಡಾಕ ಅದರಾಗ ಬೆರಳು ಅದ್ದಬ್ಯಾಡ್ರಿ, ಮಣಿಕಟ್ಟಿನ ಮ್ಯಾಲೆ ಎರಡು ಹನಿ ಬಿಟಗೊಂಡು ನೋಡ್ರಿ.

ಈಗ ಪಾತ್ರೆ. ಮೊದಲು ಪ್ಲಾಸ್ಟಿಕ್ ತಗೊಂಡಿದ್ದೆ, ಹಗುರ, ಕೈಯಾಗ ಚಲೋ ಕುಂದರ್ತೈತಿ, ಆದ್ರ ಒಂದ್ ಸುಗ್ಗಿ ಮುಗಿಯೋದ್ರಾಗ ಮೂತಿ ಬುಡದಾಗ ಕೂದಲೆಳಿ ಸೀಳು ಬಿಡ್ತು, ಬಿಸಿನೀರು ಹಾಕಿದ್ರ ವಾಸನಿನೂ ಬರ್ತಿತ್ತು. ಭಾವ ತಾಂಬ್ರದ್ದು ಕೊಟ್ಟ, ನೋಡಾಕ ಭಾಳ ಚೆಂದ, ಆದ್ರ ಉಪ್ಪುನೀರು ತಾಂಬ್ರಕ್ಕ ಕೂಡಿ ಬರಂಗಿಲ್ಲ, ಎರಡು ದಿನ ಒಣಗಿಸದ ಇಟ್ರ ಮೂತಿ ಒಳಗ ಹಸಿರು ಕಿಲುಬು ಹಿಡೀತು, ಮೂತಿ ಸಣ್ಣದು, ಹುಣಸಿಹಣ್ಣು ಹಚ್ಚಿ ತಿಕ್ಕಾಕ ಬೆರಳು ಹೋಗಂಗಿಲ್ಲ. ಒಳಗ ಕಾಣದ ಕಿಲುಬಿನ ಮ್ಯಾಲೆ ಹರದ ನೀರು ಮೂಗಿಗೆ ಹಾಕೋದು ನನಗ ಸರಿ ಕಾಣಲಿಲ್ಲ, ಈಗ ಅದು ದೇವರ ಮನಿಯಾಗ ಐತಿ. ಸ್ಟೀಲಿಂದು ಉಳೀತು. ಇದರಾಗೂ ಒಂದ್ ದೋಷ ಐತಿ, ಮೂತಿ ಜೋಡಿಸಿದ ಬೆಸುಗಿ ಜಾಗದಾಗ ಸಣ್ಣ ಕಂದು ಚುಕ್ಕಿ ಬಿದ್ದಾವ, ಬಳಸಿದ ಕೂಡ್ಲೆ ಬಿಸಿನೀರು ಹಾಯಿಸಿ ಬೋರಲು ಇಟ್ರ ಚುಕ್ಕಿ ದೊಡ್ಡದಾಗಂಗಿಲ್ಲ. ತಗೊಳ್ಳೋವಾಗ ಮೂತಿ ತುದಿಗೆ ಬೆರಳು ಆಡಿಸಿ ನೋಡ್ರಿ, ಚೂಪು ಅಂಚು ಇದ್ರ ಬಿಡ್ರಿ, ತುದಿ ದುಂಡಗ ಉಬ್ಬಿರಬೇಕು, ಹೊರಳೆಗೆ ಬಿಗಿ ಕುಂದರದಿದ್ರ ಅರ್ಧ ನೀರು ಗದ್ದದ ಗುಂಟ ಅಂಗಿಯೊಳಗ ಹೋಗ್ತೈತಿ.

ಫಲ ಏನು ಅಂತ ಕೇಳ್ತೀರಿ. ಮುಂಜಾನಿಯ ಸಾಲು ಸೀನು ಭಾಳ ಇಳದಾವ. ಸುಗ್ಗಿಯಾಗ ಸಂಜಿಕೊಮ್ಮೆ ತೊಳದು, ಮೂಗು ಒಣಗಿದ ಮ್ಯಾಲೆ ಸ್ಪ್ರೇ ಹೊಡದ್ರ ರಾತ್ರಿ ಬಾಯಿ ಮುಚ್ಚಿ ಮಲಗ್ತೀನಿ, ಗೊರಕಿ ಕಮ್ಮಿ ಆಗೇತಿ ಅಂತ ಮನಿಯವಳು ಹೇಳ್ತಾಳ. ಸಿಟ್ರಿಜಿನ್ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಇನ್ನೂ ಬೇಕಾಗ್ತೈತಿ, ಆದ್ರ ದಿನಾ ಅಲ್ಲ. ಅಲರ್ಜಿ ಹೋಗಿಲ್ಲ, ಹೋಗಂಗಿಲ್ಲ, ನಾಲ್ಕು ದಿನ ಬಿಟ್ರ ಹೊಳ್ಳಿ ಬರ್ತೈತಿ. ಚಷ್ಮಾ ನಂಬರ್ ಹಂಗ ಐತಿ. ಸ್ಪ್ರೇನೂ ನಾ ಬಿಟ್ಟಿಲ್ಲ, ಬಿಡ್ರಿ ಅಂತ ಯಾರಿಗೂ ಹೇಳಂಗಿಲ್ಲ.

ಇದು ಕೈ ಹಿಡದ ಮ್ಯಾಲೆ ಬ್ಯಾರೆ ಪದ್ಧತಿಗಳನ್ನೂ ನಾ ಮೊದಲಿನಂಗ ಒಂದ ಗಂಟು ಕಟ್ಟಿ ಒಗಿಯಂಗಿಲ್ಲ, ಒಂದೊಂದನ್ನ ಬಿಚ್ಚಿ ನೋಡ್ತೀನಿ. ಭ್ರಾಮರಿ ಪ್ರಾಣಾಯಾಮ ದಿನಾ ಮಾಡಾಕ ಹತ್ತೀನಿ, ಯಾಕಂದ್ರ ಗುಂಯ್ ಅಂತ ಸ್ವರ ಹಿಡದಾಗ ಮೂಗಿನ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಸುಮ್ಮನ ಉಸಿರು ಬಿಟ್ಟಾಗಿಂತ ಸುಮಾರು 15 ಪಟ್ಟು ಹೆಚ್ಚು ಬರ್ತೈತಿ ಅಂತ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 2002ರಾಗ ಅಳದಾರ, ಅದು ಮೂಗಿನ ಸುತ್ತಲಿನ ಎಲುಬಿನೊಳಗಿರೋ ಸೈನಸ್ ಗೂಡಿನ ಗಾಳಿ ಹೊರಗ ಬಂದು ಹೊಸಾದು ಒಳಗ ಹೋಗೋದರ ಗುರುತು. ಅದರಿಂದ ರೋಗ ವಾಸಿ ಆಗ್ತೈತಿ ಅಂತ ಅವರು ಹೇಳಿಲ್ಲ, ನಾನೂ ಹೇಳಂಗಿಲ್ಲ, ಮಾಡಿದ ಮ್ಯಾಲೆ ಹಣಿ ಹಗುರ ಆಗ್ತೈತಿ, ಖರ್ಚು ಇಲ್ಲ, ಅಪಾಯ ಇಲ್ಲ, ಅಷ್ಟಕ್ಕ ಮಾಡ್ತೀನಿ. ಆದ್ರ ಅಂಗಾಲಿಗೆ ಹಚ್ಚಿ ಮಲಗಿದ್ರ ಮೈಯಾಗಿನ ವಿಷ ಎಳೀತೈತಿ ಅನ್ನೋ ಪಟ್ಟಿ ಮಾರ್ತಾರಲ್ಲ, ಅದು ಬೆವರಿಗೆ ಕಪ್ಪಾಗ್ತೈತಿ, ಬರೇ ನೀರು ಚಿಮುಕಿಸಿದ್ರೂ ಕಪ್ಪಾಗ್ತೈತಿ, ಅದಕ್ಕ ನನ್ನ ರೊಕ್ಕ ಸಿಗಂಗಿಲ್ಲ.

ಯಾರು ಮಾಡಬಾರದು ಅನ್ನೋದು ಹೇಳಲೇಬೇಕು. ಕಿವಿ ಸೋರೋರು, ಮೂಗಿನ್ಯಾಗ ರಕ್ತ ಬರೋರು, ಇತ್ತೀಚಿಗೆ ಮೂಗಿನ ಆಪರೇಷನ್ ಆದೋರು ಡಾಕ್ಟರಿಗೆ ಕೇಳದ ಕೈ ಹಾಕಬ್ಯಾಡ್ರಿ. ಎರಡೂ ಹೊರಳೆ ಪೂರ್ತಿ ಬಂದ್ ಇದ್ದಾಗ ನೀರು ಒತ್ತಿ ಹಾಕಬ್ಯಾಡ್ರಿ. ಆದ ಮ್ಯಾಲೆ ಮುಂದ ಬಗ್ಗಿ, ತಲಿ ಅತ್ತಾಗ ಇತ್ತಾಗ ತಿರುಗಿಸಿ, ಎರಡೂ ಹೊರಳೆ ತೆರದು ಮೆಲ್ಲಗ ಉಸಿರು ಬಿಟ್ಟು ನೀರು ಬಸೀರಿ, ಒಂದ್ ಹೊರಳೆ ಮುಚ್ಚಿ ಜೋರು ಉಸಿರು ಹೊರಗ ತಳ್ಳಿದ್ರ ನೀರು ಕಿವಿಗೆ ಹೋಗೋ ನಾಳದಾಗ ಏರ್ತೈತಿ, ಆಮ್ಯಾಲೆ ಕಿವಿನೋವು. ಬಸಿಯೋದನ್ನ ಅರ್ಧಕ್ಕ ಬಿಟ್ರ ಬಗ್ಗಿ ಪುಸ್ತಕ ಎತ್ತಿದಾಗ ಅದರ ಮ್ಯಾಲೆ ನೀರು ಬೀಳ್ತೈತಿ.

ಐದಕ್ಕ ನಾಲ್ಕು ಕೊಡ್ತೀನಿ. ಒಂದ್ ಸ್ಟಾರ್ ಕಡಿದಿದ್ದು ಬೆಸುಗಿ ಚುಕ್ಕಿಗೆ ಅಲ್ಲ, ಡಬ್ಬಿಗೆ. ಡಬ್ಬಿ ಮ್ಯಾಲೆ ಧ್ಯಾನಕ್ಕ ಕುಂತವರ ಚಿತ್ರ ಐತಿ, ಲಾಭದ ಉದ್ದ ಪಟ್ಟಿ ಐತಿ, ಕುದಿಸಿ ಆರಿಸಿದ ನೀರು ಮಾತ್ರ ಬಳಸ್ರಿ ಅನ್ನೋ ಒಂದ್ ಸಾಲು ಯಾವ ಭಾಷೆಯಾಗೂ ಇಲ್ಲ, ಒಳಗ ಎಷ್ಟು ನೀರಿಗೆ ಎಷ್ಟು ಉಪ್ಪು ಅಂತ ಗುರುತಿನ ಗೆರಿನೂ ಇಲ್ಲ. ನಮ್ಮ ಯಾರ್ಡಿನ ಹಮಾಲರು ನಾಲ್ಕೈದು ಮಂದಿ ನನ್ನ ನೋಡಿ ತರಿಸಿಕೊಂಡಾರ, ನನಗಿಂತ ಹತ್ತು ಪಟ್ಟು ಧೂಳು ಕುಡಿಯೋರು ಅವರು, ಒಬ್ಬೊಬ್ಬರಿಗೂ ನಾನ ನೀರಿನ ಮಾತು ಬಾಯಿಲೆ ಹೇಳಿ, ಉಪ್ಪಿನ ಪೊಟ್ಟಣ ತೂಗಿ ಕೊಟ್ಟೀನಿ. ತಯಾರು ಮಾಡೋರು ಆ ಎರಡು ಸಾಲು ಕನ್ನಡದಾಗ, ದೊಡ್ಡ ಅಕ್ಷರದಾಗ ಅಚ್ಚು ಹಾಕಿಸಿದ ದಿನ ಐದನೇ ಸ್ಟಾರ್ ಕೊಡ್ತೀನಿ.